ಅರ್ಕಾವತಿಯ ಜಾಡಿನಲ್ಲಿ

ಕಂದರವೆಂದೊಡನೆ ಅರಿಜೋನಾದ ಒಣನೆಲದಲ್ಲಿ ಕೊಲೊರಾಡೋ ನದಿ ಕೊರೆದ ಮಹಾಕಂದರವೇ ನೆನಪಾಗುವುದು. ದೊಡ್ಡಬಳ್ಳಾಪುರದವರಿಗೆ ಅಷ್ಟು ದೂರದ ಮಾತೇಕೆ? ನೆರೆಯ ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯೇ ಅಂತಹದೊಂದು ಕಮರಿಗೆ ದಾರಿ ತೋರುತ್ತಾಳೆ.

ಹಳ್ಳಿಯ ಹಾದಿಗಳಲ್ಲಿ ಅವಳ ಜಾಡನ್ನೇ ಹಿಡಿದು ಹೊರಟರೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರಗಳನ್ನು ದಾಟಿ ಸಂಗಮವನ್ನು ಸೇರಬಹುದು. ಅಲ್ಲಿ ಅರ್ಕಾವತಿ ಕಾವೇರಿಯೊಡನೆ ಒಂದಾಗುತ್ತಾಳೆ. ನೀರಿನ ಸೆಳೆತ ಕಡಿಮೆಯಿರುವ ದಿನಗಳಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿ, ಮೂರು ನಾಲ್ಕು ಕಿಲೋಮೀಟರು ನಡೆದರೆ ಮೇಕೆದಾಟು. ವಿಶಾಲವಾಗಿ ಹರಿದುಬಂದ ಕಾವೇರಿ ಇಲ್ಲಿ ಮೇಕೆಯೊಂದು ಹಾರಿ ದಾಟೀತೆಂಬಂತೆ ಬಂಡೆಗಳ ನಡುವೆ ಇಕ್ಕಟ್ಟಾಗುತ್ತಾಳೆ. ಸುಳಿಗೆ ಸಿಕ್ಕ ಕಲ್ಲುಗಳು ತಿರುತಿರುಗಿ ಬಂಡೆಯಲ್ಲಿ ಒರಳಿನಂತಹ ಗುಂಡಿಗಳನ್ನು ಕೊರೆದಿವೆ. ಆ ನುಣುಪಾದ ಅಂಚಿನಲ್ಲಿ ಕಾಲು ಜಾರಿ ಪ್ರಾಣ ಕಳೆದುಕೊಂಡವರುಂಟು. ನೀರಿಗಿಳಿಯುವ ಸಾಹಸ ಸಲ್ಲದು.

ಆದರೆ ಪಯಣಿಗನ ಮನಸ್ಸನ್ನು ಹೆಚ್ಚು ಕಲಕುವುದು ಹಿಂದೆ ಬಿಟ್ಟುಬಂದ ಹಾದಿ. 1894ರಲ್ಲಿ ಕಟ್ಟಿದ ಹೆಸರಘಟ್ಟದ ಜಲಾಶಯದಿಂದಲೂ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ಬೆಂಗಳೂರಿನ ದಾಹ ತಣಿಸಿದವಳು, ಇಂದು ತನ್ನ ತವರಿನಲ್ಲಿಯೇ ಸೊರಗಿದ್ದಾಳೆ. ಕೆರೆಗಳಿಗೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿಹೋದುವು. ಕೊಳವೆಬಾವಿಗಳು ನೆಲದಾಳದ ಒರತೆಯನ್ನು ಹೀರಿದುವು. ಹೊಲಗಳಲ್ಲಿ ನೀಲಗಿರಿ ತೋಪುಗಳೆದ್ದುವು. ಕಮರಿಯನ್ನು ಕಂಡು ಬೆರಗಾದವರು ಮರಳಿದ ಮೇಲೆ ತಮ್ಮೂರ ಕೆರೆಯ ಕಾಲುವೆಯತ್ತಲೂ ಒಮ್ಮೆ ನಡೆದು ನೋಡಿದರೆ ಆ ಪ್ರವಾಸ ಸಾರ್ಥಕ.