ಒಬ್ಬನ ತಲೆಯ ಹೊರೆ

ಗುಣಾಢ್ಯನಾದ ಒಬ್ಬನಿದ್ದರೆ ಸಾಕು, ಸಮೂಹವು ತಾನಾಗಿ ಮೇಲೇರುವುದೆಂಬ ನಂಬಿಕೆಯು ಲೋಕದಲ್ಲಿ ಬಲವಾಗಿದೆ. ಅದು ಎಷ್ಟರ ಮಟ್ಟಿಗೆ ದಿಟವೆಂಬುದನ್ನು ಪರೀಕ್ಷಿಸಲು ಅಮೆರಿಕಾ ದೇಶದ ಬೇಸ್‌ಬಾಲ್ ಆಟಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯಲಾರದು. ಆ ಆಟದಲ್ಲಿ ನಮಗೆ ಬಹಳ ಅಭಿಮಾನವುಂಟು. ಆದುದರಿಂದ ವಾಚಕ ಮಹಾಶಯರು ಈ ತಿಂಗಳು ನಮ್ಮೊಡನೆ ಅಷ್ಟು ದೂರ ಬರಬೇಕಾಗಿ ಕೋರುತ್ತೇವೆ.

ನಾವೆಲ್ಲರೂ ಬಲ್ಲ ಕ್ರಿಕೆಟ್ಟಿನಲ್ಲಿ ಸಮರ್ಥನಾದ ದಾಂಡಿಗನು ಔಟಾಗುವ ತನಕ ಆಡುತ್ತಲೇ ಇರಬಹುದು. ಒಬ್ಬನೇ ದಿನವಿಡೀ ನಿಂತು ಸೋಲುವ ತಂಡವನ್ನು ಕಾಯಬಹುದು. ಬೇಸ್‌ಬಾಲಿನಲ್ಲಿ ಹಾಗಲ್ಲ. ಒಂಬತ್ತು ಮಂದಿ ಗೊತ್ತಾದ ಸರದಿಯಂತೆ ದಾಂಡು ಹಿಡಿಯತಕ್ಕದ್ದು. ಎಂತಹ ವೀರನಾದರೂ ಒಮ್ಮೆ ಹೊಡೆದ ಮೇಲೆ ಉಳಿದ ಎಂಟು ಮಂದಿಯ ಸರದಿ ಮುಗಿಯುವವರೆಗೆ ಕಾದಿರಲೇಬೇಕು. ಪಂದ್ಯವೊಂದರಲ್ಲಿ ಅವನಿಗೆ ಸಾಮಾನ್ಯವಾಗಿ ದೊರೆಯುವುದು ನಾಲ್ಕೈದು ಅವಕಾಶ ಮಾತ್ರ. ಚೆಂಡೆಸೆಯುವ ಪಿಚರನ ಪ್ರಭಾವವು ಹೆಚ್ಚಿನದೇ ಸರಿ; ಆದರೆ ತೋಳಿನ ವಿಶ್ರಾಂತಿಗಾಗಿ ಆತನು ಕೆಲವು ದಿನಗಳಿಗೊಮ್ಮೆ ಮಾತ್ರ ಕಣಕ್ಕಿಳಿಯುವನು.

ಷಿಕಾಗೋ ನಗರದ ಕಬ್ಸ್ ತಂಡದಲ್ಲಿ ಎರ್ನಿ ಬ್ಯಾಂಕ್ಸ್ ಎಂಬಾತನು ೧೯೫೩ರಿಂದ ೧೯೭೧ರವರೆಗೆ ಆಡಿದನು. ೧೯೫೮ ಮತ್ತು ೧೯೫೯ರಲ್ಲಿ ತನ್ನ ಲೀಗಿನ ಅತ್ಯುತ್ತಮ ಆಟಗಾರನೆಂಬ ಮನ್ನಣೆಯನ್ನು ಪಡೆದನು. ಆ ಎರಡು ವರ್ಷಗಳಲ್ಲಿಯೂ ಅವನ ತಂಡವು ಗೆದ್ದುದಕ್ಕಿಂತ ಸೋತುದೇ ಹೆಚ್ಚು. ೫೧೨ ಹೋಂ ರನ್ನುಗಳನ್ನು ಹೊಡೆದು, ೨,೫೨೮ ಪಂದ್ಯಗಳನ್ನಾಡಿದ ಈತನಿಗೆ ಋತುವಿನ ಕೊನೆಯಲ್ಲಿ ಅಗ್ರತಂಡಗಳಿಗೆ ಮೀಸಲಾದ ಪಂದ್ಯಗಳಲ್ಲಿ ಒಂದನ್ನಾದರೂ ಆಡುವ ಯೋಗವು ಬರಲಿಲ್ಲ. ಆದರೂ ಆತನ ನಗುಮುಖವು ಬಾಡಲಿಲ್ಲವೆಂದು ಕಂಡವರೆಲ್ಲರೂ ಹೇಳುವರು. ಆತನು ೨೦೧೫ರಲ್ಲಿ ತೀರಿಕೊಂಡನು. ಕಬ್ಸ್ ತಂಡವು ೧೯೦೮ರ ತರುವಾಯ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ಗೆದ್ದುದು ೨೦೧೬ರಲ್ಲಿ!

ಒಬ್ಬನಿಂದ ಆಗದುದು ಇಬ್ಬರಿಂದ ಆಗಬಹುದಷ್ಟೆ ಎಂದು ವಾಚಕರು ಕೇಳಬಹುದು. ಕ್ಯಾಲಿಫೋರ್ನಿಯಾದ ಏಂಜಲ್ಸ್ ತಂಡದಲ್ಲಿ ಮೈಕ್ ಟ್ರೌಟ್ ಇದ್ದನು. ೨೦೧೮ರಲ್ಲಿ ಜಪಾನಿನಿಂದ ಶೋಹೇಯ್ ಓಟಾನಿಯು ಬಂದು ಸೇರಿದನು. ಓಟಾನಿಯು ಪಿಚರನೂ ಅಹುದು, ದಾಂಡಿಗನೂ ಅಹುದು. ಇವರಿಬ್ಬರೂ ಜೊತೆಗಿದ್ದ ಆರು ಋತುಗಳಲ್ಲಿ ಒಮ್ಮೆಯಾದರೂ ತಂಡದ ಜಯಗಳು ಸೋಲುಗಳನ್ನು ಮೀರಲಿಲ್ಲ. ೨೦೨೩ರ ಡಿಸೆಂಬರಿನಲ್ಲಿ ಓಟಾನಿಯು ಡಾಡ್ಜರ್ಸ್ ತಂಡಕ್ಕೆ ಹೋದನು. ಮರುವರ್ಷವೇ ಆ ತಂಡವು ವರ್ಲ್ಡ್ ಸೀರೀಸ್ ಗೆದ್ದಿತು. ಏಂಜಲ್ಸ್ ಆ ವರ್ಷ ೯೯ ಪಂದ್ಯಗಳನ್ನು ಸೋತಿತು.

ಹೋದವನು ಕೃತಘ್ನನೇ? ಉಳಿದವನು ಮಂಕನೇ? ಎರಡನ್ನೂ ನಾವು ಒಪ್ಪಲಾರೆವು. ಫಿಲಡೆಲ್ಫಿಯಾದ ಸ್ಟೀವ್ ಕಾರ್ಲ್‌ಟನ್ನನ ಚರಿತ್ರೆಯು ಇದಕ್ಕೆ ಸಮಾಧಾನವನ್ನು ಹೇಳುತ್ತದೆ. ೧೯೭೨ರಲ್ಲಿ ಅವನ ಫಿಲ್ಲೀಸ್ ತಂಡವು ಗೆದ್ದುದು ಕೇವಲ ೫೯ ಪಂದ್ಯ. ಅವುಗಳಲ್ಲಿ ೨೭ ಜಯಗಳು ಈ ಒಬ್ಬ ಪಿಚರನ ಲೆಕ್ಕಕ್ಕೆ ಸೇರಿದುವು. ತಂಡವು ತನ್ನ ವಿಭಾಗದಲ್ಲಿ ಕಟ್ಟಕಡೆಯದಾಯಿತು. ೧೯೮೦ರಲ್ಲಿ ಆತನು ಗೆದ್ದುದು ೨೪, ಅಂದರೆ ಮೊದಲಿಗಿಂತ ಮೂರು ಕಡಮೆ. ಆದರೆ ಅಷ್ಟರೊಳಗೆ ಮೈಕ್ ಸ್ಮಿಟ್ ಮೊದಲಾದ ಸಮರ್ಥರು ಸುತ್ತಲೂ ಕೂಡಿದ್ದರು. ಆ ವರ್ಷ ಫಿಲ್ಲೀಸ್ ತನ್ನ ಮೊಟ್ಟಮೊದಲ ವರ್ಲ್ಡ್ ಸೀರೀಸ್ ಅನ್ನು ಗೆದ್ದಿತು. ನಾಯಕಮಣಿಯು ಅದೇ, ಹಾರವು ಮಾತ್ರ ಬೇರೆ.

ಆದುದರಿಂದ ದೋಷವು ತಾರೆಯದಲ್ಲ. ತಾರೆಯ ಬೆಳಕಿನಲ್ಲಿ ಮೈಮರೆತು, ಉಳಿದ ಎಂಟು ಮಂದಿಯನ್ನು ಸಜ್ಜುಗೊಳಿಸುವ ಕೆಲಸವನ್ನು ಮುಂದಕ್ಕೆ ಹಾಕುವವರದು. ಅಭಿಮಾನಿಗಳಾದ ನಮಗೂ ಅದರಲ್ಲಿ ಪಾಲುಂಟು. ಒಬ್ಬನ ಹೊಡೆತಕ್ಕೆ ಚಪ್ಪಾಳೆ ತಟ್ಟುವಾಗ, ಅವನ ಮುಂದೆ ಆಡಿ ದಾರಿ ಮಾಡಿಕೊಟ್ಟವನ ಹೆಸರನ್ನು ಕೇಳುವವರು ಎಷ್ಟು ಮಂದಿ?

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಯ ಹೊರೆ ಎಂಬ ಗಾದೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಸಂಪಾದಿಸುವ ಒಬ್ಬ ಮಗನನ್ನೋ, ಎಲ್ಲರಿಗಿಂತ ಮೊದಲೇಳುವ ಒಬ್ಬ ಸೊಸೆಯನ್ನೋ ನೆಚ್ಚಿಕೊಂಡು, ಅವರನ್ನು ಹೊಗಳಿದರೆ ತಮ್ಮ ಕರ್ತವ್ಯವು ತೀರಿತೆಂದು ತಿಳಿಯುವ ಮನೆಗಳು ನಮ್ಮಲ್ಲಿ ವಿರಳವಲ್ಲ. ಹೊಗಳಿಕೆಯಿಂದ ಹೊರೆ ಹಗುರವಾಗದು. ಹೊರುವವರಿಗೆ ಬೇಕಾದುದು ಇನ್ನೊಂದು ಹೆಗಲು.