ಹಾಡಿದವಳ ಹೆಸರು

ಚಾಮರಾಜನಗರ, ಗುಂಡ್ಲುಪೇಟೆಗಳ ಸುತ್ತಣ ಹಳ್ಳಿಗಳಲ್ಲಿ ಮದುವೆಯೆಂದರೆ ಸೋಬಾನೆ ಪದ. ಚಪ್ಪರದ ಒಂದು ಬದಿಗೆ ಹೆಣ್ಣಿನ ಕಡೆಯ ಹೆಂಗಸರು, ಇನ್ನೊಂದು ಬದಿಗೆ ಗಂಡಿನ ಕಡೆಯವರು. ಅರಿಸಿನದ ಪದ, ಹಸೆಯ ಪದಗಳು ಮುಗಿದು ಬೀಗರನ್ನು ಜರೆಯುವ ಸರದಿ ಬಂದಾಗ ಚಪ್ಪರಕ್ಕೆ ಬೇರೆಯೇ ಕಳೆ ಏರುತ್ತದೆ. ತಂದ ಸೀರೆಯ ನಯ, ಬೀಗಿತ್ತಿಯ ಬಿಂಕ, ಬೀಗನ ಹೊಟ್ಟೆ ಯಾವುದೂ ಆ ನಾಲಗೆಗಳಿಂದ ಪಾರಾಗುವುದಿಲ್ಲ. ಎದುರಿನವರೂ ಸುಮ್ಮನಿರುವವರಲ್ಲ; ಅದೇ ಧಾಟಿಯಲ್ಲಿ, ನಿಂತ ನಿಲುವಿನಲ್ಲಿಯೇ ಉತ್ತರ ಕಟ್ಟುತ್ತಾರೆ. ಓದುಬರಹವಿಲ್ಲದವರೆಂದು ಲೋಕವು ಕರೆದ ಹೆಂಗಸರ ಈ ಪಾಂಡಿತ್ಯ ಸಾಮಾನ್ಯವಾದುದಲ್ಲ.

ಇದನ್ನು ಹೋಲುವ ನುಡಿಕಾಳಗವೊಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ರಾಪ್ ಎಂಬ ಹೆಸರಿನಿಂದ ಬೆಳೆಯಿತು. ತಾಳದ ಬಡಿತಕ್ಕೆ ಸರಿಯಾಗಿ ಪ್ರಾಸಬದ್ಧವಾದ ಮಾತನ್ನು ನುಡಿಯುವುದೇ ರಾಪ್. ಅಲ್ಲಿನ ಬ್ರಾಂಕ್ಸ್ ಭಾಗದ ಬಡ ತರುಣರ ನಡುವೆ ಹುಟ್ಟಿದ ಹಿಪ್ ಹಾಪ್ ಎಂಬ ಕಲೆಯ ಅಂಗವಿದು. 1973ರ ಆಗಸ್ಟ್ 11ರಂದು ನಡೆದ ಕೂಟವೊಂದನ್ನು ಈ ಕಲೆಯ ಹುಟ್ಟೆಂದು ಎಣಿಸುತ್ತಾರೆ. ಅದನ್ನು ಏರ್ಪಡಿಸಿದವಳು ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ. ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಆಕೆಗೆ ಹಣ ಬೇಕಾಗಿತ್ತು. ಕೀರ್ತಿಯೆಲ್ಲ ಅಂದು ಹಾಡುಗಳನ್ನು ನುಡಿಸಿದ ಅವಳ ಅಣ್ಣನಿಗೆ ಸಂದಿತು!

1984ರಲ್ಲಿ ಯು.ಟಿ.ಎಫ್.ಒ. ಎಂಬ ಗಂಡಸರ ತಂಡವು, ತಮ್ಮ ಪ್ರೇಮವನ್ನು ನಿರಾಕರಿಸಿದ ರಾಕ್ಸಾನ್ ಎಂಬ ಹುಡುಗಿಯನ್ನು ಮೂದಲಿಸುವ ಹಾಡೊಂದನ್ನು ಹೊರತಂದಿತು. ಕ್ವೀನ್ಸ್‌ಬ್ರಿಜ್ ಎಂಬ ಸರಕಾರಿ ವಸತಿಯಲ್ಲಿ ಬೆಳೆದ 14 ವರ್ಷದ ಬಾಲೆಯೊಬ್ಬಳು ಆ ರಾಕ್ಸಾನಳ ಪರವಾಗಿ ಉತ್ತರ ಕೊಟ್ಟಳು. 'ರಾಕ್ಸಾನ್ಸ್ ರಿವೆಂಜ್' ಎಂಬ ಆ ಹಾಡು ಬರೆದು ಓದಿದುದಲ್ಲ. ಮಾರ್ಲಿ ಮಾರ್ಲ್ ಎಂಬ ಸಂಗೀತಗಾರನ ಮನೆಯಲ್ಲಿ ಆಶುವಾಗಿ ಕಟ್ಟಿದುದು. ಅಂದಿನಿಂದ ಆಕೆ ರಾಕ್ಸಾನ್ ಶಾಂಟೆ ಎನಿಸಿದಳು. ಆ ಹಾಡಿಗೆ ಪ್ರತ್ಯುತ್ತರಗಳಾಗಿ ಹತ್ತಾರು ಹಾಡುಗಳು ಹೊರಟವು. ಮರುವರ್ಷ ನಡೆದ ಸ್ಪರ್ಧೆಯೊಂದರ ಕೊನೆಯ ಸುತ್ತಿನಲ್ಲಿ ಆಕೆಗೆ ಸೋಲಾಯಿತು. ಹೆಣ್ಣೆಂಬ ಕಾರಣಕ್ಕೇ ತೀರ್ಪುಗಾರನೊಬ್ಬ ಅಂಕ ತಗ್ಗಿಸಿದನೆಂದು ಶಾಂಟೆಯವರು ಮುಂದೆ ಹೇಳಿದ್ದಾರೆ.

ಆಕೆಯ ಪ್ರತಿಭೆಯ ಬಗೆಗೆ ಯಾರಿಗೂ ಸಂದೇಹವಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮಾತಿನ ಚಳಕ ಹೆಣ್ಣಿಗೆ ಎಂದೂ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದುದು ವೇದಿಕೆ ಮತ್ತು ಹೆಸರು. ಶಾಂಟೆ ಅವೆರಡನ್ನೂ ತಾವೇ ಕೈಗೆತ್ತಿಕೊಂಡರು. 1988ರಲ್ಲಿ ಎಂ.ಸಿ. ಲೈಟ್ ತಮ್ಮದೇ ಹೆಸರಿನಲ್ಲಿ ಇಡಿಯ ಧ್ವನಿಮುದ್ರಿಕೆಯನ್ನು ಹೊರತಂದರು. ಮರುವರ್ಷ ಕ್ವೀನ್ ಲತೀಫಾ ಬಂದರು. ಶಾಂಟೆಯವರಿಗೆ ಗ್ರ್ಯಾಮಿ ಸಂಸ್ಥೆಯ ಜೀವಮಾನ ಸಾಧನೆಯ ಗೌರವ ದೊರೆತುದು 2025ರಲ್ಲಿ, ಮೊದಲ ಹಾಡಿನ ನಾಲ್ಕು ದಶಕಗಳ ಬಳಿಕ.

ರಾಪ್ ಒರಟು ಮಾತಿನ ಹಾಡು, ಹೆಣ್ಣಿಗೆ ಒಪ್ಪದು ಎಂದು ಆಕ್ಷೇಪಿಸುವವರುಂಟು. ಬೀಗರ ಪದಗಳನ್ನು ಒಮ್ಮೆಯಾದರೂ ಕೇಳಿದವರು ಹೀಗೆ ಹೇಳಲಾರರು.

ಮಂಟೇಸ್ವಾಮಿ, ಮಲೆಯ ಮಾದೇಶ್ವರರ ಮಹಾಕಾವ್ಯಗಳನ್ನು ಹಾಡುವ ನೀಲಗಾರರೂ ದೇವರಗುಡ್ಡರೂ ದೀಕ್ಷೆ ಪಡೆದ ಗಂಡಸರು. ಆ ಕಥೆಗಳನ್ನು ಹಾಡಿದ ಮಳವಳ್ಳಿ ಮಹದೇವಸ್ವಾಮಿಯವರ ಹೆಸರು ಕ್ಯಾಸೆಟ್ಟುಗಳ ಮೂಲಕ ಮನೆಮನೆಗೂ ತಲುಪಿತು. ಅದು ನ್ಯಾಯವೇ. ಆದರೆ ಅದೇ ಸೀಮೆಯ ಸೋಬಾನೆಯವರು 'ಹಾಡುವ ಹೆಂಗಸರು' ಆಗಿಯೇ ಉಳಿದರು. ಎಚ್.ಎಲ್. ನಾಗೇಗೌಡರು ಹೊರತಂದ 'ಸೋಬಾನೆ ಚಿಕ್ಕಮ್ಮನ ಪದಗಳು' ಎಂಬ ಪುಸ್ತಕದ ಬೆಲೆ ತಿಳಿಯುವುದು ಆಗಲೇ. ಸಂಗ್ರಹಿಸಿದವರ ಹೆಸರಿಗೆ ಮುನ್ನ, ಶೀರ್ಷಿಕೆಯಲ್ಲಿಯೇ, ಹಾಡಿದಾಕೆಯ ಹೆಸರಿದೆ. ಈಚೆಗೆ ಬೆಂಗಳೂರಿನ ಸಿರಿ ನಾರಾಯಣರಂಥ ತರುಣಿಯರು ಕನ್ನಡದಲ್ಲಿಯೇ ರಾಪ್ ನುಡಿಯುತ್ತಿದ್ದಾರೆ, ತಮ್ಮ ಹೆಸರಿನಲ್ಲಿಯೇ ಹೊರತರುತ್ತಿದ್ದಾರೆ.

ಮದುವೆಗಳು ಛತ್ರಗಳಿಗೆ ಸಾಗಿದಂತೆ ಸೋಬಾನೆಯ ದನಿ ಧ್ವನಿವರ್ಧಕದ ಅಬ್ಬರದಲ್ಲಿ ಅಡಗುತ್ತಿದೆ. ಆದರೂ ಅಲ್ಲಲ್ಲಿ ಅಜ್ಜಿಯರು ಹಾಡುತ್ತಾರೆ. ತರುಣರು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತಾರೆ. ಅದರ ಮೇಲೆ ವಧೂವರರ ಹೆಸರಿರುತ್ತದೆ, ಊರಿನ ಹೆಸರಿರುತ್ತದೆ. ಅಜ್ಜಿಯ ಹೆಸರನ್ನು ಕೇಳಿದವರು ವಿರಳ.