ಜೋಳದ ತಾಳಿಕೆಯನ್ನು ಹೊಗಳಿದರೆ ಸಾಲದು



ಬರಗಾಲ ಬಂದಾಗ ಜೋಳದ ಗುಣಗಾನ ಮಾಡುವುದು, ಮಳೆ ಬಿದ್ದೊಡನೆ ಅದನ್ನು ಮರೆಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆನಿಸಿದವು. ಭಾಷಣಗಳು ಮುಗಿದವು, ಹೊಲಗಳು ಬದಲಾಗಲಿಲ್ಲ.

ಅತ್ತಿವೇರಿಯ ಸೀಮೆಯನ್ನೇ ನೋಡಿ. ಮುಂಡಗೋಡ ತಾಲ್ಲೂಕು ಮಲೆನಾಡೂ ಬಯಲುಸೀಮೆಯೂ ಕೂಡುವ ಅಂಚು. ನೀರು ಸಿಕ್ಕಲ್ಲಿ ಭತ್ತ, ಮಳೆಯನ್ನೇ ನಂಬಿದ ಹೊಲಗಳಲ್ಲಿ ಗೋವಿನಜೋಳ. ಹೂಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಗೋವಿನಜೋಳದ ತೆನೆಯ ಕೂದಲು ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ. ಬಿಳಿಜೋಳವಾದರೋ ಆಳಕ್ಕೆ ಬೇರಿಳಿಸುತ್ತದೆ, ಬೂದಿಯಂಥ ಮೇಣವನ್ನು ಮೈಗೆ ಬಳಿದುಕೊಳ್ಳುತ್ತದೆ, ಬಿಸಿಲಿಗೆ ಎಲೆ ಸುರುಳಿ ಸುತ್ತುತ್ತದೆ, ಬೆಳವಣಿಗೆಯನ್ನು ತಡೆಹಿಡಿದು ಮಳೆಗಾಗಿ ಕಾಯುತ್ತದೆ.

ಇದನ್ನು ಕೇಳಿ, ತಾಳಿಕೆಯೆಲ್ಲ ಬೀಜದಲ್ಲಿಯೇ ಇದೆ, ಹೊಸ ತಳಿ ಬಂದರೆ ಸಾಕು ಎನ್ನುವವರಿದ್ದಾರೆ. ಇದು ಅರ್ಧಸತ್ಯ. ಕಾಳು ಕಟ್ಟುವಾಗ ನೀರು ಕಡಿಮೆಯಾದರೂ ಎಲೆ ಹಸಿರಾಗಿ ಉಳಿಯುವ ಗುಣವನ್ನು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತಳಿಗಳಿಗೆ ಸೇರಿಸಲು ಶ್ರಮಿಸಿದ್ದಾರೆ, ಅದು ಸ್ತುತ್ಯರ್ಹ. ಆದರೆ ವಿಜಯಪುರದ ರೈತರು ನೆಚ್ಚಿದ ಎಂ 35-1 ತಳಿ ಹಿಂಗಾರಿನಲ್ಲಿ ಬದುಕುವುದು ಆಳವಾದ ಎರೆಭೂಮಿ ಹಿಡಿದಿಟ್ಟ ತೇವದಿಂದ. ತೆಳುವಾದ ಮಣ್ಣಿನಲ್ಲಿ ಅದೇ ಬೀಜ ಸೋಲುತ್ತದೆ. ಹೂಬಿಡುವಾಗ ಅತಿಯಾದ ಉಷ್ಣ ತಗುಲಿದರೆ ಜೋಳದಲ್ಲಿಯೂ ಕಾಳು ಕಟ್ಟುವುದು ಕುಂದುತ್ತದೆ. ತೆನೆ ಮಾಗುವಾಗ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬರುತ್ತದೆ. ಆದ್ದರಿಂದ ತಾಳಿಕೆಯೆಂಬುದು ಬೀಜ, ಮಣ್ಣು, ಬಿತ್ತನೆಯ ಕಾಲ ಮೂರೂ ಕೂಡಿ ಆಗುವ ಫಲ.

ಗೋವಿನಜೋಳದ ಇಳುವರಿ ಹೆಚ್ಚು, ಜೋಳಕ್ಕೆ ಆಳು ಸಿಗುವುದಿಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಲೆಕ್ಕ ಹಾಕುವಾಗ ಮಳೆ ಬಂದ ವರ್ಷವನ್ನು ಮಾತ್ರ ಹಿಡಿದು, ಕೈಕೊಟ್ಟ ವರ್ಷವನ್ನು ಬಿಡುವುದು ಯಾವ ಗಣಿತ? ದನಗಳ ಬಾಯಿಗೆ ಸಿಗುವ ಕಣಿಕೆಗೆ ಬೆಲೆಯೇ ಇಲ್ಲವೇ? 2023-24ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ ಹೈಬ್ರಿಡ್ ಜೋಳಕ್ಕೆ 3,180 ರೂಪಾಯಿ, ಗೋವಿನಜೋಳಕ್ಕೆ 2,090 ರೂಪಾಯಿ. ಆದರೆ ಸುಗ್ಗಿಯ ದಿನ ಊರಿನ ಹತ್ತಿರವೇ ಕೊಳ್ಳುವವರಿಲ್ಲದಿದ್ದರೆ ಆ ಬೆಲೆ ಕಾಗದದ ಮೇಲಿನ ಅಂಕಿ ಮಾತ್ರ.

ಹಕ್ಕಿಗಳ ಕಾಟವೆಂದು ಪಕ್ಷಿಧಾಮವನ್ನು ದೂರುವವರಿಗೂ ಒಂದು ಮಾತು. ಕೆರೆಯ ಚಮಚಕೊಕ್ಕು ಮೀನು, ಹುಳುಗಳನ್ನು ತಿನ್ನುತ್ತದೆ. ಅದಕ್ಕೆ ನಿಮ್ಮ ತೆನೆ ಬೇಡ. ತೆನೆಗೆ ಬರುವುದು ಗಿಳಿ, ಗುಬ್ಬಿಗಳು. ಸುತ್ತೆಲ್ಲ ಗೋವಿನಜೋಳವಿದ್ದು ಒಬ್ಬನೇ ಅರ್ಧ ಎಕರೆ ಜೋಳ ಬಿತ್ತಿದರೆ ಅವೆಲ್ಲವೂ ಅಲ್ಲಿಗೇ ಇಳಿಯುತ್ತವೆ. ಹತ್ತು ಮಂದಿ ಒಟ್ಟಾಗಿ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ.

ಎಲ್ಲ ಹೊಲಗಳಲ್ಲಿಯೂ ಜೋಳ ಬಿತ್ತಬೇಕೆಂಬುದು ನನ್ನ ವಾದವಲ್ಲ. ತೇವ ಹಿಡಿದಿಡುವ ಆಳವಾದ ಮಣ್ಣುಳ್ಳವರು ಒಂದು ಪಾಲನ್ನು ಹಿಂಗಾರಿ ಜೋಳಕ್ಕೆ ಬಿಡಲಿ. ಸರ್ಕಾರ ಕೊಳ್ಳುವ ವ್ಯವಸ್ಥೆಯನ್ನು ಬಿತ್ತನೆಗೆ ಮೊದಲೇ ಮಾಡಲಿ. ಬರವನ್ನು ತಾಳುವ ಬೆಳೆಯೂ ನಮ್ಮ ಉಪೇಕ್ಷೆಯನ್ನು ಬಹುಕಾಲ ತಾಳಲಾರದು.